ತೋಳು, ಬೆನ್ನು ಮತ್ತು ನನ್ನ ಕ್ಯಾಮೆರಾ

ಯಾವ ಕೆಲಸಕ್ಕೂ ಒಂದು ಘನವಾದ ಆರಂಭ ಇರಬೇಕೆಂದು ಜನ ಬಯಸುತ್ತಾರೆ. ನೀವು ಫೋಟೋಗ್ರಾಫರ್ ಆಗಿದ್ದು ಹೇಗೆ ಎಂದು ಕೇಳಿದವರಿಗೆ, ಸಣ್ಣವಳಿದ್ದಾಗಿನಿಂದ ಹುಚ್ಚು ಇತ್ತು ಎಂದು ಹೇಳಿದರೆ ಅವರಿಗೂ ಸಮಾಧಾನ, ನನಗೂ ಮರ್ಯಾದೆ. ಆದರೆ ಅಂಥದ್ದೇನೂ ಇರಲಿಲ್ಲ. ಮೂರು ವರ್ಷದ ಹಿಂದಿನವರೆಗೆ ನಾನು ಯರಗುಪ್ಪಿಯಲ್ಲಿ ಜಂಪರ, ಅಂದರೆ ರವಿಕೆ, ಹೊಲಿಯುತ್ತಿದ್ದವಳು. ಕ್ಯಾಮೆರಾ ಮುಟ್ಟುವುದು ಹಾಗಿರಲಿ, ಅದರ ಮುಂದೆ ನಿಂತರೂ ಕಣ್ಣು ಮುಚ್ಚಿಬಿಡುತ್ತಿದ್ದೆ. ನನ್ನ ಆಧಾರ್ ಕಾರ್ಡು ನೋಡಿದವರು ಈಗಲೂ "ಆರಾಮ ಇರಲಿಲ್ಲೇನ್ರಿ?" ಎಂದು ಕೇಳುತ್ತಾರೆ.

ನಮ್ಮ ಓಣಿಯ ಸೊಸೆ ಶಿವಲೀಲಾಳದು ಚೊಚ್ಚಲ ಬಸಿರು. ಏಳನೇ ತಿಂಗಳಲ್ಲಿ ಗಂಡನ ಮನೆಯಲ್ಲಿ ಕುಬಸದ ಕಾರ್ಯ, ಅಂದರೆ ಸೀಮಂತ, ಇಟ್ಟುಕೊಂಡರು. ಹಸಿರು ಸೀರೆ ಹಿಡಿದು ಬರಬೇಕಾದ ತಾಯಿ ಮಾತ್ರ ದೇವಿಕೊಪ್ಪದಲ್ಲಿ ಕಾಲು ಮುರಿದುಕೊಂಡು ಮಲಗಿದ್ದಳು. "ನನಗಂತೂ ಬರಾಕ ಆಗಂಗಿಲ್ಲ. ಮಗಳ ಮುಖಾನರ ಫೋಟೋದಾಗ ತೋರಸ್ರಿ" ಎಂದು ಫೋನಿನಲ್ಲಿ ಅತ್ತಳಂತೆ. ಅದಕ್ಕೇನು, ಮನೆಯಲ್ಲೇ ಬಸಣ್ಣ ಇದ್ದ. ಸುತ್ತಲಿನ ಮದುವೆಗಳಿಗೆಲ್ಲ ಫೋಟೋ ತೆಗೆಯುವವನು, ಕೈ ಪಳಗಿದವನು. ತೊಡಕು ಒಂದೇ, ಅವನು ಶಿವಲೀಲಾಳ ಗಂಡನ ಅಣ್ಣ. ಆ ಮನೆಯಲ್ಲಿ ಬಾವ ಎದುರಿಗೆ ಬಂದರೆ ಸೊಸೆ ಸೆರಗು ಎಳೆದುಕೊಂಡು ತಲೆ ತಗ್ಗಿಸಬೇಕು. ಅವನು ಎಡಕ್ಕೆ ಬಂದರೆ ಅವಳು ಬಲಕ್ಕೆ ತಿರುಗಿದಳು, ಬಲಕ್ಕೆ ಬಂದರೆ ಎಡಕ್ಕೆ. "ಜರಾ ಮ್ಯಾಲೆ ನೋಡಂತ ಹೇಳ ಬೇ ಯವ್ವಾ" ಎಂದು ಅವನು ತನ್ನ ತಾಯಿಯನ್ನು ಕೇಳಿಕೊಂಡರೆ, "ನೀ ಅಲ್ಲೇ ನಿಂತ್ರ ಆಕಿ ಹ್ಯಾಂಗ ನೋಡ್ತಾಳಲೇ?" ಎಂದು ಅವಳು ಗದರಿದಳು. ಬಸಣ್ಣ ಸೋತ. ಒಂದು ಬಾಜು ನಿಂತು ಉಂಡಿ ತಿನ್ನುತ್ತಿದ್ದ ನನ್ನ ಕೊರಳಿಗೆ ಕ್ಯಾಮೆರಾ ಹಾಕಿ, "ಅಕ್ಕಾರ, ಇಲ್ಲಿ ಒತ್ತಿದ್ರ ಆತು" ಎಂದು ಹೊರಗೆ ಹೋಗಿ ಕಟ್ಟೆಯ ಮೇಲೆ ಕೂತ.

ನಾನು ಮನಸಾರೆ ಒತ್ತಿದೆ. ಇಪ್ಪತ್ತು ವರ್ಷ ಹೊಲಿದ ಕಣ್ಣು ತನಗೆ ಗೊತ್ತಿದ್ದ ಕಡೆಗೇ ಹೋಗುತ್ತದೆ ಎಂಬುದು ಸಂಜೆ ಕಂಪ್ಯೂಟರಿನಲ್ಲಿ ಹಾಕಿ ನೋಡಿದಾಗಲೇ ತಿಳಿದದ್ದು. ಎಲ್ಲ ಫೋಟೋಗಳಲ್ಲೂ ತೋಳು, ಬೆನ್ನು, ಲೇಸು, ಗೊಂಡೆ. ಉಡಿ ತುಂಬುವ ಫೋಟೋದಲ್ಲಿ ತೆಂಗಿನಕಾಯಿ ಇದೆ, ನಾನೇ ಹೊಲಿದ ತೋಳಿನ ಜರಿ ಎಳೆಎಳೆಯಾಗಿ ಕಾಣುತ್ತದೆ, ಶಿವಲೀಲಾ ಕುತ್ತಿಗೆಯವರೆಗೆ ಮಾತ್ರ ಇದ್ದಾಳೆ. ಬಸಣ್ಣ ತಲೆ ಹಿಡಿದುಕೊಂಡ. ಬೇರೆ ದಾರಿಯಿಲ್ಲದೆ ಅವನ್ನೇ ದೇವಿಕೊಪ್ಪಕ್ಕೆ ಕಳಿಸಿದರು. ಸ್ವಲ್ಪ ಹೊತ್ತಿಗೆ ತಾಯಿಯ ಫೋನು ಬಂತು. "ಫೋಟೋ ತಗದಾರ ಕೈಯಾಗ ಕೊಡ್ರಿ" ಎಂದಳಂತೆ, ನನ್ನ ಕೈಗೆ ಕೊಟ್ಟರು. "ತೋಳು ನೋಡಿದ್ನಿ, ಬೆನ್ನು ನೋಡಿದ್ನಿ. ನನ್ನ ಮಗಳ ಮುಖ ಎಲ್ಲೈತ್ರಿ ಅಕ್ಕಾರ?" ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅಷ್ಟು ಮೆತ್ತಗೆ ಕೇಳಿದ್ದಕ್ಕೆ ನನಗೆ ನಾಚಿಕೆಯಾಗಿ ಊಟ ಸೇರಲಿಲ್ಲ.

ಮರುದಿನ ಬೆಳಿಗ್ಗೆ ಬಸಣ್ಣನಿಂದ ಕ್ಯಾಮೆರಾ ಇಸಿದುಕೊಂಡು, ಗಂಡಸರೆಲ್ಲ ಹೊಲಕ್ಕೆ ಹೋದ ಮೇಲೆ ಹೋದೆ. ಶಿವಲೀಲಾ ಮತ್ತೆ ಹಸಿರು ಸೀರೆ ಉಟ್ಟಳು. ತಲೆಯ ಹೂವಿನ ದಂಡಿ ಬಾಡಿತ್ತು, ಇರಲಿ ಎಂದೆ. ಈ ಸಲ ಹಟ ಹಿಡಿದು ಅವಳ ಮುಖವನ್ನೇ ನೋಡುತ್ತ ಕೂತೆ. ಪೋಸು ಕೊಟ್ಟು ಕೊಟ್ಟು ಬೇಸತ್ತವಳು ಒಮ್ಮೆಲೇ "ಅಯ್ಯ ಕಾಕು, ಒದೀತು ನೋಡ್ರಿ!" ಎಂದು ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ನಕ್ಕಳು. ಆಗ ಒತ್ತಿದೆ.

ಆ ಫೋಟೋ ಕಳಿಸಿದ ಮೇಲೆ ಮತ್ತೆ ಫೋನು ಬಂತು. ತಾಯಿ ಅಳುತ್ತಿದ್ದಳು. "ಅಗದಿ ಎದುರಿಗೆ ಕುಂತಂಗ ಆತ್ರಿ. ನನ್ನ ಕೂಸು ಎಷ್ಟ ಛಂದ ನಗಾಕತ್ತೈತಿ!" ನನ್ನ ಕಣ್ಣೂ ತುಂಬಿ ಬಂತು. ಯಾವ ಜಂಪರವೂ ನನಗೆ ಇಂಥ ಮಾತು ತಂದುಕೊಟ್ಟಿರಲಿಲ್ಲ. ಮೂಗು ಒರೆಸಿಕೊಂಡ ಸದ್ದು ಕೇಳಿಸಿತು. ಆಮೇಲೆ ದನಿ ಗಟ್ಟಿಯಾಯಿತು. "ಹೌದ್ರಿ, ಆ ಜಂಪರ ಹೊಲದಾಕಿ ಯಾರ್ರಿ? ಬಗಲಾಗ ಹಿಂಗ ಬಿಗಿ ಮಾಡ್ಯಾಳ! ಬಸರಿ ಹೆಣ್ಣಮಗಳು ಉಸರ ಹ್ಯಾಂಗ ಆಡಬೇಕು?"

"ಅದೆಲ್ಲ ನನಗ ಗೊತ್ತಿಲ್ರೀ. ನಾ ಬರೇ ಫೋಟೋ ತಗಿಯಾಕಿ" ಎಂದುಬಿಟ್ಟೆ.

ಅಂದ ಮೇಲೆ ಮಾತು ಉಳಿಸಿಕೊಳ್ಳಬೇಕಲ್ಲ. ಇವತ್ತಿಗೂ ತೆಗೆಯುತ್ತಲೇ ಇದ್ದೇನೆ.