ನಿಮ್ಮ ಬಲಗಡೆ ಬಾಯಿಬಡಕಿ

ಅಣ್ಣಿಗೇರಿ ಕಡೆಯ ಆ ಊರಲ್ಲಿ ಐದು ಮಂದಿ ಹನಮಂತಪ್ಪಂದಿರಿದ್ದರು. ಯಾವ ಕಾಗದ ಯಾವ ಹನಮಂತಪ್ಪನದು ಎಂಬುದು ಟಪಾಲು ಹಂಚುವ ಜಹೀರುದ್ದೀನನೊಬ್ಬನಿಗೇ ಗೊತ್ತು. ಎಮ್ಮಿ ಹನಮಂತಪ್ಪ, ಸುಳ್ಳ ಹನಮಂತಪ್ಪ, ಕಡಾ ತೀರಸದ ಹನಮಂತಪ್ಪ ಎಂದು ಅವನ ತಲೆಯೊಳಗೆ ವಿಂಗಡಣೆಯಾಗಿತ್ತು. ಊರು ಬೆನ್ನ ಹಿಂದೆ ಆಡುವ ಹೆಸರುಗಳು. ಎದುರಿಗೆ ಆಡಿದವನ ಹಲ್ಲು ಉಳಿಯುವುದಿಲ್ಲ.

ಹೋದ ತಿಂಗಳು ಅವನು ರಜೆ ಹಾಕಿದಾಗ ಬದಲಿಗೆ ಬಂದವನು ಊರಿನ ಟಪಾಲನ್ನೆಲ್ಲ ಅದಲು ಬದಲು ಮಾಡಿ ಹೋದ. ಇನ್ನು ಹಾಗಾಗಬಾರದೆಂದು ಜಹೀರುದ್ದೀನ ಮೊಬೈಲಿನಲ್ಲಿ ಒಂದು ಪುಕ್ಕಟೆ ನಕಾಶೆ ಹುಡುಕಿದ. ಯಾರು ಬೇಕಾದರೂ ತಮ್ಮೂರನ್ನು ಅದರಲ್ಲಿ ತುಂಬಬಹುದು, ಯಾರು ಬೇಕಾದರೂ ತೆಗೆದುಕೊಳ್ಳಬಹುದು. ಎರಡು ರವಿವಾರ ಕೂತು ನಲವತ್ತು ಮನೆ ಗುರುತು ಮಾಡಿ, ತಲೆಯಲ್ಲಿದ್ದ ಹೆಸರುಗಳನ್ನೇ ಬರೆದ. ಬದಲಿಯವನ ಹೊರತು ಇದನ್ನು ಯಾರು ನೋಡುತ್ತಾರೆ?

ಇವತ್ತು ಮುಂಜಾನೆ ಹುಬ್ಬಳ್ಳಿಯಿಂದ ಫ್ರಿಜ್ ಹೊತ್ತ ಟೆಂಪೊ ಓಣಿಗೆ ಬಂತು. ಅದರೊಳಗಿನ ಫೋನು ಸಂತೆಯಲ್ಲಿ ಬೆಳ್ಳುಳ್ಳಿ ಮಾರುವವಳ ಗಂಟಲಲ್ಲಿ ಕೂಗಿತು: “ನಿಮ್ಮ ಬಲಗಡೆ ಬಾಯಿಬಡಕಿ ಮೈಲಾರವ್ವನ ಮನೆ. ನೀವು ತಲುಪಿದ್ದೀರಿ.”

ಎದುರುಗಟ್ಟೆಯ ಮೇಲೆ ಟಪಾಲು ವಿಂಗಡಿಸುತ್ತಿದ್ದ ಜಹೀರುದ್ದೀನನ ಕಿವಿ ಕಾದ ಹೆಂಚಾಯಿತು. ಅವನು ಬರೆದ ಹೆಸರೇ, ಒಂದಕ್ಷರ ತಪ್ಪಿಲ್ಲ.

ಗುಡಿಯ ಹಿಂದೆ ಓಡಿದ. ಊರಲ್ಲಿ ನೆಟ್‌ವರ್ಕ್ ನೆಟ್ಟಗೆ ಸಿಗುವುದು ಅಲ್ಲೇ. ಒಂದೊಂದೇ ಹೆಸರು ಅಳಿಸಿದ. ನಲವತ್ತೂ ಅಳಿಸಿದ ಮೇಲೆ ಒಂದು ಸೂಚನೆ ಬಂತು: ಈ ನಕಾಶೆಯನ್ನು ಈಗಾಗಲೇ ತೆಗೆದುಕೊಂಡ ಕಂಪನಿಗಳಲ್ಲಿ ಬದಲಾವಣೆ ಕಾಣಲು ಕೆಲವು ವಾರ ಬೇಕಾಗಬಹುದು. ಹಾರಿಹೋದ ಹೊಟ್ಟನ್ನು ಮತ್ತೆ ಚೀಲಕ್ಕೆ ತುಂಬಲು ಹೊರಟಂತಾಯಿತು.

ತಿರುಗಿ ಬಂದಾಗ ಮೈಲಾರವ್ವ ಡ್ರೈವರ್ ಅಕೀಲನ ಅಂಗಿ ಹಿಡಿದು ನಿಂತಿದ್ದಳು. ಸುತ್ತ ಅರ್ಧ ಊರು. ಮಾಡಿದವರು ಯಾರೆಂದು ಹೇಳುವ ತನಕ ಗಾಡಿ ಬಿಡುವುದಿಲ್ಲ ಎಂದು ಆಕೆ, ತನಗೇನೂ ಗೊತ್ತಿಲ್ಲವೆಂದು ಅವನು. ಎಮ್ಮೆಗೆ ಕಟ್ಟುವ ಹಗ್ಗ ತರಲು ಯಾರೋ ಹೊರಟಿದ್ದರು.

ಇಪ್ಪತ್ತು ವರ್ಷ ಊರಿನ ಗುಟ್ಟು ಕಾಯ್ದವನೆಂದು ಮಂದಿ ಜಹೀರುದ್ದೀನನನ್ನು ಒಳಮನೆಯ ತನಕ ಬಿಟ್ಟುಕೊಂಡಿದ್ದರು. ಬಾಯಿ ಬಿಟ್ಟರೆ ಆ ಮಾನ ಹೋಯಿತು. ಬಿಡದಿದ್ದರೆ ಏನೂ ಅರಿಯದ ಅಕೀಲನಿಗೆ ಹಗ್ಗ. ಜಹೀರುದ್ದೀನ ತಲೆ ತಗ್ಗಿಸಿಕೊಂಡು ಮುಂದೆ ಬಂದ.

“ಅವನ್ನ ಬಿಡ್ರಿ ಅಕ್ಕಾರ. ಮಾಡಿದಾವ ನಾನು.”

“ನೀ ಹ್ಯಾಂಗ ಮಾಡ್ತಿಯೋ? ನೀ ಗಾಡ್ಯಾಗ ಇದ್ದಿದ್ದಿಲ್ಲಲ್ಲ.”

“ಬಾಯಿಬಡಕಿ ಅಂತ ಮೊಬೈಲಿನ ಪುಕ್ಕಟೆ ನಕಾಶ್ಯಾಗ ನಾನ ಬರದೇನ್ರಿ. ನಿಮ್ಮದೊಂದ ಅಲ್ಲ, ನಲವತ್ತು ಮನೀದೂ ಅಡ್ಡಹೆಸರು ಬರದೇನಿ. ತಪ್ಪಾತ್ರಿ.”

ಮೈಲಾರವ್ವ ಅಂಗಿ ಬಿಟ್ಟಳು. ಫ್ರಿಜ್ಜಿನ ರಟ್ಟು ಸರಿಸಿ ತೋರಿಸಿದಳು. ಬಾಗಿಲು ತೆಂಗಿನಕಾಯಿ ಬಡಿದಂತೆ ತಗ್ಗಾಗಿತ್ತು.

“ನಾ ಕೇಳಿದ್ದು ಈ ತಗ್ಗು ಮಾಡಿದವರ್ಯಾರಂತ. ಬಾಯಿಬಡಕಿ ಅಂತ ಪತ್ತಾ ಬರಸಿದಾಕಿ ನಾನ. ಊರಾಗ ಮೂರು ಮಂದಿ ಮೈಲಾರವ್ವ ಅದೇವಿ. ಬರಸದಿದ್ರ ಫ್ರಿಜ್ ಯಾರ ಮನೀ ಹೊಕ್ಕತಿತ್ತು?”

ಬಿಡುಗಡೆಯಾದ ಅಕೀಲ ಉಪಕಾರ ತೀರಿಸುವವನಂತೆ ತಿಳಿಸಿ ಹೇಳಿದ. “ಕಾಕಾ, ನಮ್ಮ ಕಂಪನಿ ನಕಾಶಿ ಬ್ಯಾರೆರಿ. ಗಿರಾಕಿ ಬರಸಿದ ಪತ್ತಾ ಅಷ್ಟ ಓದತೈತಿ. ಆ ಪುಕ್ಕಟೆ ನಕಾಶಿ ತಗೊಂಡವ್ರು ಉಳಿದ ಎರಡು ಕಂಪನಿಯವ್ರು. ನಮಗಿಂತ ಹೆಚ್ಚು ಮನಿ ತೋರಸ್ತೇವಿ ಅಂತ ಅವ್ರಿಗೆ ಜಿದ್ದು. ಇವ್ರ ಫೋನಿನ್ಯಾಗೆಲ್ಲಾ ಅವ ಇರತಾವಲ್ರಿ.”

ಓಣಿಯ ಕಿಸೆಗಳಿಂದ ಫೋನುಗಳು ಹೊರಬಂದವು. ಒಬ್ಬೊಬ್ಬರೇ ತಮ್ಮ ಮನೆ ಹುಡುಕಿ ಓದಿದರು. ಓದಿದವರು ಓದಿದ ಹಾಗೆ ತಲೆ ಎತ್ತಿ ಜಹೀರುದ್ದೀನನನ್ನು ನೋಡಿದರು. ಐದೂ ಹನಮಂತಪ್ಪಂದಿರು ಜೀವನದಲ್ಲಿ ಮೊದಲ ಸಲ ಒಂದೇ ಕಡೆ ನಿಂತಿದ್ದರು.

ಗುಂಪು ಸರಿಸಿಕೊಂಡು ಅವನ ಹೆಂಡತಿಯ ತಾಯಿ ಮೌಲಾಬಿ ಬಂದಳು. ಆಕೆಗೆ ಓದಲು ಬಾರದು. ಯಾರದೋ ಫೋನನ್ನು ಹೆಮ್ಮೆಯಿಂದ ಅವನ ಮುಂದೆ ಹಿಡಿದಳು.

“ನನ್ನ ಮನೀನೂ ಹಾಕೀರಂತಲ್ರಿ ಅಳಿಯಂದ್ರ. ಏನ ಬರದೀರಿ, ಜರಾ ಜೋರ್ಲೆ ಓದ್ರಿ. ಎಲ್ಲಾರೂ ಕೇಳ್ಲಿ.”