ಲಾಭ, ಎರಡು, ಮೂರು

...ಅಲ್ಲ, ಅತ್ತೆ ಕೊನೆಯ ಸಲ ಅಳೆದದ್ದು ಅಕ್ಕಿಯಿರಲಿಕ್ಕಿಲ್ಲ, ರಾಗಿಯೇ ಇರಬೇಕು. ಅಥವಾ ಎರಡು ದಿನಗಳನ್ನು ನಾನೇ ಕಲಸಿ ಮುದ್ದೆ ಮಾಡಿದ್ದೇನೋ! ನನ್ನ ನೆನಪನ್ನು ನಂಬಬೇಡಿ. ಇಷ್ಟು ಮಾತ್ರ ನಂಬಿ: ನನ್ನ ಸೋದರತ್ತೆಯ ಗಣಿತದಲ್ಲಿ ಒಂದೂ ಇರಲಿಲ್ಲ, ಏಳೂ ಇರಲಿಲ್ಲ. ಸೊನ್ನೆಯಂತೂ ಹೊಸಿಲು ದಾಟಿ ಒಳಗೆ ಬರುವಂತೆಯೇ ಇರಲಿಲ್ಲ.

ಬಂಗಾರಪೇಟೆಯ ನಮ್ಮ ಅಡುಗೆಮನೆಯಲ್ಲಿ ಕಾಳು ಅಳೆಯುವಾಗ ಅತ್ತೆ ಧಾನ್ಯದ ಮಂಡಿಯವರಂತೆ ಮೊದಲ ಪಾವಿಗೆ "ಲಾಭ" ಎನ್ನುತ್ತಿದ್ದಳು. ಆಮೇಲೆ ಎರಡು, ಮೂರು. ಆರಾದ ಮೇಲೆ "ಇನ್ನೊಂದು", ಅದರ ಮೇಲೆ ಎಂಟು. ಏಳು ಮಾಡಿದ ತಪ್ಪೇನು?

"ಕನ್ನಡದಾಗೆ ಏಳು ಅಂದ್ರೆ ಎದ್ದೋಗು ಅಂತಾಯ್ತದೆ. ತೆಲುಗಲ್ಲಿ ಏಡು ಅಂದ್ರೆ ಅಳು ಅಂತಾಯ್ತದೆ. ಅನ್ನದ ಮುಂದೆ ಎಲ್ಡೂ ಬ್ಯಾಡ ಕಣ್ಲಾ!"

ಡಬ್ಬಿ ಬರಿದಾದರೂ "ಇಲ್ಲ" ಎನ್ನಕೂಡದು, "ತುಂಬೈತೆ" ಎನ್ನಬೇಕು. ಲಕ್ಷ್ಮಿ ಮೋಸಹೋಗಿ ಮನೆಯಲ್ಲೇ ಉಳಿಯುತ್ತಾಳಂತೆ! "ಸಕ್ಕರೆ ತುಂಬೈತೆ" ಎಂಬ ಮಾತು ಕೇಳಿ ನಿಶ್ಚಿಂತೆಯಿಂದಿದ್ದು, ನೆಂಟರಿಗೆ ಸಪ್ಪೆ ಕಾಫಿ ಕುಡಿಸಿದವನು ನಾನು.

ಇಂಥವಳ ಮಡಿಲಲ್ಲಿ ನನ್ನ ಮಗಳು ಎಣಿಸಲು ಕಲಿತಳು. ಗೂಡ್ಸ್ ರೈಲು ಬಂದರೆ ಇಬ್ಬರೂ ಜಗಲಿಗೆ ಹಾಜರು. ಎಂಜಿನ್ ಲಾಭ, ಅದರ ಹಿಂದಿನ ಡಬ್ಬಿ ಎರಡು!

ನಾನು ಕೆಲಸಕ್ಕೆ ಹೋಗುವ ಕೆಜಿಎಫ್‌ನಲ್ಲೇ ಅವಳ ಶಾಲೆ. ಒಂದನೇ ತರಗತಿಯ ಮಿಸ್ ಕರೆಸಿದರು. "ಎರಡ್ರಲ್ಲಿ ಒಂದು ಹೋದ್ರೆ ಲಾಭ ಅಂತಾಳೆ ಸಾರ್. ನಿಮ್ದೇನು ಮಂಡೀನಾ?"

ಐದರಲ್ಲಿ ಐದು ಕಳೆದರೆ? ಮಗಳು ನನ್ನೆದುರೇ ಸಾರಿದಳು: "ತುಂಬೈತೆ ಮಿಸ್!"

ಎರಡು ಬಟ್ಟಲು ಮಣಿ ತೋರಿಸಿದರೆ ಯಾವುದರಲ್ಲಿ ಹೆಚ್ಚೆಂದು ಈ ಹುಡುಗಿ ಎಣಿಸದೆಯೇ ಹೇಳುತ್ತಾಳೆ, ಅದು ಹೇಗೆ ಎಂದೂ ಮಿಸ್ ಕೇಳಿದ ನೆನಪು. ಆಗ ನನ್ನ ಕಿವಿಗೆ ಬಿದ್ದದ್ದು ದೂರು ಮಾತ್ರ.

ಮನೆಗೆ ಬಂದು ನಗುತ್ತಲೇ ಹೇಳಿದೆ. ಅತ್ತೆ ನಗಲಿಲ್ಲ.

"ನನ್ ದೆಸೆಯಿಂದ ಮಗೀಗೆ ತಪ್ಪು ಬೀಳ್ಬಾರ್ದು ಕಣ್ಲಾ."

ಮಾರನೆಯ ದಿನದಿಂದ ಅವಳು ಬಾಯಿ ಬಿಗಿದುಕೊಂಡು ಅಳೆದಳು. ಸದ್ದಿಲ್ಲದ ಅಡುಗೆಮನೆಯಲ್ಲಿ ಮಗುವಿಗೇನು ಕೆಲಸ? ಮಗಳು ಎದ್ದು ನಡುಮನೆಗೆ ಬಂದು ವರ್ಕ್‌ಶೀಟ್ ಹಿಡಿದಳು. ಲೆಕ್ಕಗಳೆಲ್ಲ ಸರಿಯಾದವು. ರೈಲುಗಳು ಎಣಿಸುವವರಿಲ್ಲದೆ ಹಾದುಹೋದವು. ಸುಮ್ಮನಿರು ಎಂದು ನಾನು ಅತ್ತೆಗೆ ಹೇಳಿದ್ದೆನೇ? ನೆನಪಿಲ್ಲ. ಎಣಿಸು ಎಂದಂತೂ ಹೇಳಲಿಲ್ಲ.

ಅತ್ತೆ ಹಾಸಿಗೆ ಹಿಡಿದ ಮೇಲೆ ಒಂದು ದಿನ ಮಗಳು ಮೊರದಲ್ಲಿ ರಾಗಿಯನ್ನೂ ಪಾವನ್ನೂ ತಂದು ಮಂಚದ ಮೇಲಿಟ್ಟಳು. (ರಾಗಿಯೇ.)

"ಅಜ್ಜೀ, ನಿನ್ನಂಗೇ ಎಣ್ಸು. ಮಿಸ್‌ಗೆ ಗೊತ್ತಾಗಲ್ಲ."

ಅತ್ತೆ ಪಾವನ್ನು ರಾಗಿಗೆ ಒತ್ತಿ ಎತ್ತಿದಳು.

"ಲಾಭ."

"ಆಮೇಲೆ?"

ಅತ್ತೆ ಅವಳ ಕೆನ್ನೆ ಸವರಿದಳು. "ತುಂಬೈತೆ ಬಿಡು ಪಾಪಾ."

ಆಮೇಲೆ ಅತ್ತೆ ಏನನ್ನೂ ಎಣಿಸಲಿಲ್ಲ. ನಾನು ಬಾಗಿಲಲ್ಲಿ ನಿಂತಿದ್ದೆ, ಪಾವಿನ ಒಳಗು ಕಾಣಲಿಲ್ಲ. ಅದು ತುಂಬಿತ್ತೋ, ಬರಿದಾಗಿತ್ತೋ, ನನಗೆ ಗೊತ್ತಿಲ್ಲ.