ನನ್ನ ಕಾರಿನೊಳಗಿನ ಮಹಿಳೆಗೆ, ಮೊಲ್ದೊ ಘಾಟಿಯ ಆಚೆಗಿನ ಹೊಳೆಯ ವಿಚಾರವಾಗಿ

ಮಾನ್ಯರೇ,

ನರಿನ್ ಪಟ್ಟಣದ ದಂತವೈದ್ಯ ಎಸೆಂಕುಲ್ ಮಾಡುವ ಅನಂತ ವಂದನೆಗಳು. ಇತ್ತ ನಾನು, ನನ್ನ ಹೆಂಡತಿ ಬೆರ್ಮೆತ್ ಮತ್ತು ನಮ್ಮ ಎರಡು ಹಸುಗಳು ಕ್ಷೇಮ. ಅತ್ತ ತಾವೂ, ತಮ್ಮ ಹದಿನೈದು ಸ್ಪೀಕರುಗಳೂ, ತಾವು ವಾಸವಾಗಿರುವ ಆ ಚೌಕಾಕಾರದ ಕಪ್ಪು ಬಂಗಲೆಯೂ ಕ್ಷೇಮವೆಂದು ನಂಬಿದ್ದೇನೆ. ಉಭಯ ಕುಶಲೋಪರಿ. ತಮ್ಮೊಡನೆ ಖುದ್ದಾಗಿ ಮಾತಾಡಲು ಎರಡು ಬಾರಿ ಯತ್ನಿಸಿದೆನಾದರೂ, ನನ್ನ ಅಳಲನ್ನು ಪೂರ್ತಿ ಕೇಳಿಸಿಕೊಂಡ ಮೇಲೆ ತಾವು "ಕ್ಷಮಿಸಿ, ನನಗೆ ಅರ್ಥವಾಗಲಿಲ್ಲ, ಹತ್ತಿರದ ಆಸ್ಪತ್ರೆಗೆ ದಾರಿ ತೋರಿಸಲೇ?" ಎಂದಿದ್ದರಿಂದ, ಅನ್ಯಮಾರ್ಗವಿಲ್ಲದೆ ಈ ಬಹಿರಂಗ ಪತ್ರಕ್ಕೆ ಕೈ ಹಾಕಿದ್ದೇನೆ.

ತಮಗಿಂತ ಮೊದಲು ನನ್ನ ಬಳಿ ಇದ್ದದ್ದು ತಮ್ಮದೇ ವಂಶದ ಹಿರಿಯ ಗಾಡಿ. ಊರೆಲ್ಲ ಅದನ್ನು ಸಂದೂಕ ಎಂದೇ ಕರೆಯುತ್ತಿತ್ತು. ಮಕ್ಕಳಿಗೆ ಸೀಮೆಸುಣ್ಣದ ಕಡ್ಡಿ ಕೊಟ್ಟು ಕಾರು ಬರೆಯಿರಿ ಎಂದರೆ ಒಂದು ಪೆಟ್ಟಿಗೆಯ ಮೇಲೆ ಇನ್ನೊಂದು ಪೆಟ್ಟಿಗೆ ಇಟ್ಟು ಕೆಳಗೆ ನಾಲ್ಕು ಸೊನ್ನೆ ಸುತ್ತುತ್ತಾರಲ್ಲ, ಸಾಕ್ಷಾತ್ ಅದೇ ರೂಪ. ಬಾಗಿಲು ಹಾಕಿದರೆ ಖಜಾನೆ ಮುಚ್ಚಿದ ಸದ್ದು. ಒಳಗೆ ಕುರಿಯ ವಾಸನೆ, ಡೀಸೆಲಿನ ವಾಸನೆ, ಸೀಟಿನ ಸಂದಿಯಲ್ಲಿ ಯಾವ ಕಾಲದ್ದೋ ಒಣಮೊಸರಿನ ಉಂಡೆ. ನನ್ನ ಕುರ್ಚಿಯಲ್ಲಿ ಬಾಯಿ ತೆರೆದು ಕೂತ ರೋಗಿಗಳು ಸಹ, ಹತ್ತಿ ತೆಗೆದ ಕೂಡಲೇ ಹಲ್ಲಿನ ವಿಷಯ ಬಿಟ್ಟು "ಡಾಕ್ಟ್ರೇ, ಸಂದೂಕ ಹೇಗಿದೆ?" ಎನ್ನುತ್ತಿದ್ದರು. ಅಂಥದ್ದನ್ನು ನನ್ನ ಹೆಂಡತಿಯ ತಮ್ಮ, ಬೆಟ್ಟದ ಮೇಲೆ ಕುದುರೆ ಸಾಕುವ ಬೇಯ್ಶೆನ್‌ಗೆ ಮಾರಿ ತಮ್ಮನ್ನು ಮನೆ ತುಂಬಿಸಿಕೊಂಡೆ.

ಕಾರಣ, ನಮ್ಮ ಮಗಳು ಜಿಬೆಕ್. ಅವಳನ್ನು ಕೇಳಿಬಂದ ಹುಡುಗನ ತಂದೆ ಒಮುರ್ಜಾಕ್ ರಾಜಧಾನಿಯಲ್ಲಿ ದೊಡ್ಡ ಗುತ್ತಿಗೆದಾರರು. ಫೋನಿನಲ್ಲಿ ಮಾತಾಡಿದರೂ ಎದುರಿಗಿದ್ದವನು ಎದ್ದು ನಿಲ್ಲಬೇಕು, ಅಂಥ ಗಂಟಲು. ಬೀಗಿತ್ತಿ ತಾಜಿಗುಲ್ ಅವರಾದರೋ ಮಾತೇ ಆಡದವರು, ಅದು ಇನ್ನೂ ಭಯ. ಹುಡುಗಿಯ ಕಿವಿಗೆ ಓಲೆ ಇಟ್ಟು ಸಂಬಂಧ ಗಟ್ಟಿ ಮಾಡಲು ಅವರಿಬ್ಬರೂ ಬರುವುದೆಂದೂ, ಬೇಸಿಗೆಗೆ ಸೋನ್‌ಕುಲ್ ಸರೋವರದ ಬಳಿ ಗುಡಾರ ಹಾಕಿಕೊಂಡಿರುವ ನನ್ನ ಅತ್ತೆಯವರ ಎದುರಿಗೇ ಶಾಸ್ತ್ರ ನಡೆಯಬೇಕೆಂದೂ ನಿಶ್ಚಯವಾಯಿತು. ಜಿಬೆಕ್ ಅಜ್ಜಿಯ ಬಳಿಗೆ ಮೊದಲೇ ಹೋಗಿದ್ದಳು. ಬೀಗರನ್ನು ಸಂದೂಕದಲ್ಲಿ ಕೂರಿಸಿ ಕರೆದೊಯ್ಯುವುದನ್ನು ನೆನೆದೇ ನನಗೆ ಬೆವರು ಕಿತ್ತುಕೊಂಡು ಬಂತು. ಚಿಕಿತ್ಸಾಲಯದ ಪಕ್ಕದ ಖಾಲಿ ಜಾಗ ಮಾರಿಬಿಟ್ಟೆ. ಬೆರ್ಮೆತ್ ಒಂದೇ ಮಾತು ಹೇಳಿದಳು: "ರೀ, ಅವರು ಬರ್ತಿರೋದು ಹುಡುಗೀನ ನೋಡೋಕೆ. ನಿಮ್ಮ ಗಾಡಿಗೆ ಓಲೆ ಇಡೋಕಲ್ಲ."

ನಾನು ತಮ್ಮ ಸೌಂದರ್ಯಕ್ಕೆ ಮರುಳಾಗಿದ್ದೆ. ಅದೇ ಚೌಕ ಮುಖ, ಅದೇ ದುಂಡುಗಣ್ಣು, ಬೆನ್ನಿಗೆ ಕಟ್ಟಿಕೊಂಡ ಅದೇ ಹೆಚ್ಚುವರಿ ಚಕ್ರ. ಬಾಗಿಲಿನ ಖಜಾನೆ ಸದ್ದನ್ನು ಸಹ ಪರಿಣತರು ಕೂತು ಜೋಪಾನವಾಗಿ ಉಳಿಸಿದ್ದಾರಂತೆ. ಒಳಗೆ ಮಾತ್ರ ಅರಮನೆ. ಗಾಡಿ ನೋಡಿದ ಬೇಯ್ಶೆನ್ ತನ್ನ ಬೂಟನ್ನೇ ದಿಟ್ಟಿಸುತ್ತ, "ಭಾವ, ಇದರೊಳಗೆ ಹತ್ತಬೇಕಾದ್ರೆ ಸ್ನಾನ ಮಾಡ್ಕೊಂಡು ಬರಬೇಕಾ, ಇಲ್ಲಾ ಅದೇ ಮಾಡಿಸುತ್ತಾ?" ಎಂದ. ಹೊಟ್ಟೆಕಿಚ್ಚು ಎಂದುಕೊಂಡೆ.

ಬೀಗರು ಬಂದಿಳಿದ ದಿನದ ಘಟನೆಗಳನ್ನು ತಾವು ಬಲ್ಲಿರಾದರೂ, ಸಾರ್ವಜನಿಕರ ಅವಗಾಹನೆಗಾಗಿ ನಿವೇದಿಸಿಕೊಳ್ಳುತ್ತೇನೆ. ಅವರು ಕಾಣಿಕೆಯಾಗಿ ತಂದಿದ್ದ ಕೊಬ್ಬುಬಾಲದ ಟಗರಿಗೆ ಡಿಕ್ಕಿಯಲ್ಲಿ ಜಾಗವಿರಲಿಲ್ಲ, ಅಲ್ಲಿ ಸಿಹಿತಿಂಡಿಯ ಪೆಟ್ಟಿಗೆಗಳು. ಆದ್ದರಿಂದ ಕಾಲು ಕಟ್ಟಿ, ಕಂಬಳಿ ಹಾಸಿ, ಕೊನೆಯ ಸಾಲಿನ ಸೀಟಿನ ಮೇಲೆ ಮಲಗಿಸಿದೆವು. ಗಾಡಿ ಹೊರಟು ಮಾರು ದೂರ ಹೋಗಿಲ್ಲ, ತಾವು ಜೇನಿನಂಥ ಕಂಠದಲ್ಲಿ, "ಹಿಂದಿನ ಸಾಲಿನ ಪ್ರಯಾಣಿಕರು ಸುರಕ್ಷತಾ ಪಟ್ಟಿ ಧರಿಸಿಲ್ಲ" ಎಂದಿರಿ. ಮತ್ತೆ ಅಂದಿರಿ. ಮಗದೊಮ್ಮೆ ಅಂದಿರಿ. ಕೊನೆಗೆ ನಾನೂ ಬೀಗರೂ ಇಳಿದು ಟಗರಿಗೆ ಪಟ್ಟಿ ಬಿಗಿದೆವು. "ನಮ್ಮೂರಲ್ಲಿ ಮಂತ್ರಿಗಳೂ ಹಾಕ್ಕೊಳಲ್ಲ ಕಣ್ರೀ ಇದನ್ನ" ಎಂದರು ಒಮುರ್ಜಾಕ್. ನಕ್ಕರೋ ಗದರಿದರೋ ತಿಳಿಯಲಿಲ್ಲ.

ಆತಿಥ್ಯದಲ್ಲಿ ಹಿಂದೆ ಬೀಳಬಾರದೆಂದು, ಯಾರಿಗೂ ಹೇಳದೆ, ಬೀಗಿತ್ತಿಯವರ ಸೀಟಿನ ಬೆನ್ನುತಿಕ್ಕುವ ಗುಂಡಿಯನ್ನು ಮುಂದಿನಿಂದಲೇ ಒತ್ತಿದೆ. ಅವರ ಹಿಂದೆಯೇ ಟಗರು ಮಲಗಿತ್ತೆಂಬುದನ್ನು ನಾನು ಮರೆತಿದ್ದೆ. "ಅಯ್ಯಯ್ಯೋ! ಹಾಯ್ತಾ ಇದೆ! ಬಿಚ್ಕೊಂಡ್ಬಿಟ್ಟಿದೆ!" ಎಂದು ಅವರು ಕಿರುಚಿದ ಸದ್ದಿಗೆ ನಿಜವಾದ ಟಗರೂ ಹೆದರಿ ಅರಚಿತು. ಅದು ಯಂತ್ರದ ಸೇವೆ ಎಂದು ನಾನು ವಿವರಿಸುವಷ್ಟರಲ್ಲಿ ಅವರ ತಲೆವಸ್ತ್ರ ಕೊರಳಿಗೆ ಜಾರಿತ್ತು. ಅದಾದ ಮೇಲೆ ಅವರು ತಲೆವಸ್ತ್ರ ಬಿಗಿದು ಕಟ್ಟಿಕೊಂಡು, ಘಾಟಿ ಹತ್ತಿ ಇಳಿಯುವ ತನಕ ಸೀಟಿಗೆ ಬೆನ್ನು ತಾಗಿಸದೆ ಕುಳಿತರು.

ಇದನ್ನಾದರೂ ಸಹಿಸಬಹುದಿತ್ತು. ಆದರೆ ಘಾಟಿಯ ತಿರುವುಗಳಲ್ಲಿ ತಾವು ನನ್ನ ಮುಖವನ್ನು ದಿಟ್ಟಿಸಿ, "ಚಾಲಕರೇ, ತಮಗೆ ನಿದ್ದೆ ಬರುತ್ತಿರುವಂತಿದೆ, ದಯವಿಟ್ಟು ವಿಶ್ರಮಿಸಿ" ಎನ್ನಲು ಶುರುಮಾಡಿದಿರಿ. ಮಾನ್ಯರೇ, ನಾನು ಹುಟ್ಟಿದಾಗಿನಿಂದ ನನ್ನ ಕಣ್ಣು ಇಷ್ಟೇ ತೆರೆಯುವುದು. ನನ್ನ ಅಪ್ಪನದೂ ಹೀಗೇ ಇತ್ತು. ಗಾಳಿಗೆ, ಹಿಮಕ್ಕೆ, ಬಿಸಿಲಿಗೆ ಕಿರಿದು ಮಾಡಿ ನೋಡಿದವರ ವಂಶ ನಮ್ಮದು. ತಮ್ಮನ್ನು ರೂಪಿಸಿದ ಊರಿನಲ್ಲಿ ಎಲ್ಲರೂ ಬೆರಗುಗಣ್ಣಿನವರಿರಬೇಕು. ಬೀಗರು ನನ್ನತ್ತ ಬಾಗಿ, "ಬೀಗರೇ, ರಾತ್ರಿ ನಿದ್ದೆ ಆಗಿಲ್ವಾ? ಹೇಳಿ, ನಾನ್ ಬೇಕಾದ್ರೆ ಓಡಿಸ್ತೀನಿ" ಎಂದರು. ಎಷ್ಟು ಅಗಲಿಸಲು ಸಾಧ್ಯವೋ ಅಷ್ಟು ಕಣ್ಣಗಲಿಸಿಕೊಂಡು, ಗೂಬೆಯಂತೆ ಎರಡು ತಿರುವು ದಾಟಿದೆ. ಕಣ್ಣಲ್ಲಿ ನೀರು ಬಂತು. ತಾವು ಮತ್ತೂ ಮರುಕದಿಂದ, "ತಮಗೆ ವಿಶ್ರಾಂತಿ ಅಗತ್ಯ" ಎಂದಿರಿ. ಆಗ ತಮ್ಮ ಬಾಯಿ ಮುಚ್ಚಿಸುವ ಗುಂಡಿ ಒತ್ತಿದೆ. ಇತರರ ಬಾಯಿ ತೆರೆಸಿ ಅನ್ನ ತಿನ್ನುವವನು ಬದುಕಿನಲ್ಲಿ ಮೊದಲ ಬಾರಿಗೆ ಒಂದು ಬಾಯಿ ಮುಚ್ಚಿಸಿದ ಸಂತೋಷವನ್ನು ಅನುಭವಿಸಿದೆ.

ಘಾಟಿಯ ಆಚೆ ಹೊಳೆ ಸಿಕ್ಕಿತು. ಹಿಂದಿನ ದಿನ ಮೇಲೆಲ್ಲೋ ಮಳೆಯಾಗಿ ನೀರು ಬಗ್ಗಡವಾಗಿತ್ತು. ಬೆರ್ಮೆತ್ ಹಿಂದಿನಿಂದ, "ರೀ, ಇಲ್ಲಿ ಬೇಡ, ಮೇಲ್ಗಡೆ ಕಲ್ಲು ಇರೋ ಕಡೆ ದಾಟಿ. ಗಾಡೀನೂ ಸ್ವಲ್ಪ ಎತ್ತರ ಮಾಡ್ಬೇಕು ಅಂತ ಆ ಮಾರೋ ಹುಡುಗ ಹೇಳಿರ್ಲಿಲ್ವಾ?" ಎಂದಳು. ತಾವೂ ಅದನ್ನೇ ಹೇಳಲು ಹವಣಿಸುತ್ತಿದ್ದಿರೆಂದು ಕಾಣುತ್ತದೆ, ಪರದೆಯ ಮೇಲೆ ಏನೋ ಕೆಂಪಗೆ ಮಿನುಗುತ್ತಿತ್ತು. ನಾನು ಬೀಗರ ಕಡೆ ತಿರುಗಿ, "ಈ ಗಾಡಿಗೆ ಹೊಳೆ ಅಂದ್ರೆ ಒದ್ದೆ ರಸ್ತೆ, ಅಷ್ಟೇ" ಎಂದು ಘೋಷಿಸಿ, ಪೇಟೆಯ ಸವಾರಿಗೆಂದು ತಗ್ಗಿಸಿಟ್ಟ ಗಾಡಿಯನ್ನು ಹಾಗೆಯೇ ನೀರಿಗಿಳಿಸಿದೆ. ನಡುಹೊಳೆಯಲ್ಲಿ ಮುಂದಿನ ಚಕ್ರ ಹೂಳಿನಲ್ಲಿ ಕುಸಿಯಿತು. ಆಕ್ಸಿಲರೇಟರ್ ಒತ್ತಿದೆ, ಇನ್ನಷ್ಟು ಕುಸಿಯಿತು. ಬಾಗಿಲ ಬುಡದಲ್ಲಿ ನೀರು ಗುಳುಗುಳು ಎಂದಿತು. ರಾಜಧಾನಿಯ ಗುತ್ತಿಗೆದಾರರು ಮಿರುಗುವ ಬೂಟು ಕೈಲಿ ಹಿಡಿದು ಸೀಟಿನ ಮೇಲೆ ಚಕ್ಕಳಮಕ್ಕಳ ಕುಳಿತರು. ಪಟ್ಟಿ ಬಿಗಿದಿದ್ದ ಟಗರೊಂದೇ ಸ್ವಸ್ಥವಾಗಿ ಮೆಲುಕು ಹಾಕುತ್ತಿತ್ತು. ಬೀಗಿತ್ತಿಯವರು ಮಡಿಲಲ್ಲಿದ್ದ ಓಲೆಯ ಡಬ್ಬಿಯನ್ನು ಎದೆಗೆ ಒತ್ತಿಕೊಂಡದ್ದನ್ನು ಕನ್ನಡಿಯಲ್ಲಿ ಕಂಡೆ. ನನ್ನ ಮಗಳ ಭಾಗ್ಯ ಅಲ್ಲಿ ಮುಳುಗುತ್ತಿದೆ ಎನಿಸಿತು.

ನಾವು ತಡವಾದೆವೆಂದು ಹುಡುಕಿಕೊಂಡು ಬೇಯ್ಶೆನ್ ಆಚೆ ದಡಕ್ಕೆ ಬಂದ, ಸಂದೂಕದಲ್ಲಿ. ಪಕ್ಕದಲ್ಲಿ ಹೊಸ ಬಟ್ಟೆ ತೊಟ್ಟ ಜಿಬೆಕ್. "ಏನ್ ಭಾವ, ಮೀನು ಹಿಡೀತಿದೀರಾ?" ಎಂದು ಕೂಗಿದವನ ಮುಖದಲ್ಲಿ ಹಬ್ಬವಿತ್ತು. ಹಗ್ಗ ಕಟ್ಟಿ ಎಳೆದ. ನಿಜ ಹೇಳುತ್ತೇನೆ, ಸಂದೂಕ ಗೆಲ್ಲಲಿ ಎಂದು ಮನಸ್ಸಿನಲ್ಲೇ ಹರಸಿದೆ. ನನ್ನ ಮಾನ ಹೋದರೂ ಒಂದು ದಂತಕಥೆಯಾದರೂ ಉಳಿಯಲಿ ಎಂದು. ಅದು ಗರ್ಜಿಸಿತು, ಕಪ್ಪು ಹೊಗೆ ಕಾರಿತು, ದಡದ ಕೆಸರಿನಲ್ಲಿ ಅಚ್ಚಿನವರೆಗೆ ಹೂತುಕೊಂಡು, ಮುದುಕನಂತೆ ಕೆಮ್ಮಿ ನಿಂತುಹೋಯಿತು. ಯೋಚಿಸಿ ನೋಡಿದರೆ, ನನ್ನ ಕಾಲದಲ್ಲೂ ಅದು ಎಷ್ಟೋ ಸಲ ಹೀಗೆ ಹೂತಿತ್ತು. ಕಥೆ ಹೇಳುವಾಗ ಅಷ್ಟು ಭಾಗವನ್ನು ಬಿಟ್ಟು ಹೇಳುವುದು ನಮ್ಮೆಲ್ಲರ ರೂಢಿ.

ಆಗ ಜಿಬೆಕ್ ಲಂಗ ಎತ್ತಿ ಕಟ್ಟಿ ನೀರಿಗಿಳಿದಳು. ನನ್ನ ಬಾಗಿಲು ತೆಗೆದು, "ಅಪ್ಪ, ಆಕಡೆ ಸರಿ" ಎಂದಳು. ಬೀಗರ ಪಕ್ಕಕ್ಕೆ ಇರುಕಿಕೊಂಡು ಸರಿದೆ. ಗುಂಡಿ ಒತ್ತಿ ತಮ್ಮ ಬಾಯಿ ಬಿಡಿಸಿದಳು. ತಾವು, ಸೇಡಿನ ಸುಳಿವೂ ಇಲ್ಲದೆ, "ನಮಸ್ಕಾರ" ಎಂದಿರಿ. "ಹೊಳೇಲಿ ಸಿಕ್ಕಾಕೊಂಡಿದೀವಿ. ಏನ್ ಮಾಡ್ಬೇಕು ಹೇಳಿ" ಎಂದಳು ನನ್ನ ಮಗಳು, ಅಕ್ಕನನ್ನು ಕೇಳುವ ಹಾಗೆ. ವಾಹನವನ್ನು ಎತ್ತರಿಸಿ ಎಂದಿರಿ, ಎತ್ತರಿಸಿದಳು. ನಾಲ್ಕೂ ಚಕ್ರ ಒಟ್ಟಿಗೇ ತಿರುಗುವಂತೆ ಗುಂಡಿ ಒತ್ತಿ ಬಿಗಿಯಿರಿ ಎಂದಿರಿ, ಬಿಗಿದಳು. ನಿಧಾನ ಎಂದಿರಿ, ನಿಧಾನಿಸಿದಳು. ಮಂಡಿಯೂರಿದ್ದ ಒಂಟೆ ಏಳುವಂತೆ ಗಾಡಿ ಮೈಕೊಡವಿ ಎದ್ದು, ಕಲ್ಲಿದ್ದ ಕಡೆಗೆ ಹೊರಳಿ, ದಡ ಹತ್ತಿತು. ಸಾಲದೆಂಬಂತೆ ಅದೇ ಹಗ್ಗದಲ್ಲಿ ಸಂದೂಕವನ್ನೂ ಈಚೆಗೆಳೆದು ಹಾಕಿತು. ಬೇಯ್ಶೆನ್ ತನ್ನ ಉಣ್ಣೆಯ ಟೋಪಿ ತೆಗೆದು ತಲೆ ಕೆರೆದುಕೊಂಡ.

ತಾಜಿಗುಲ್ ಇಳಿದರು. ಕೆಸರು ತುಳಿಯುತ್ತ ಸುತ್ತಿ ಬಂದು ಚಾಲಕನ ಬಾಗಿಲು ತೆರೆದರು. "ಇಳೀಬೇಡ ಮಗಳೇ, ಅಲ್ಲೇ ಕೂತಿರು. ಕಿವಿ ಈಕಡೆ ಕೊಡು."

ಬೀಗರು ಬರಿಗಾಲಲ್ಲೇ ಓಡಿಬಂದು, "ಇಲ್ಲೇನಾ? ಗುಡಾರಕ್ಕೆ ಹೋಗಿ, ಹಿರಿಯರ ಮುಂದೆ, ನಾಲ್ಕು ಜನ..." ಎಂದರು.

"ನಮ್ಮನೇಲಿ ನಾಲ್ಕು ಗಂಡಸರಿದೀರಿ," ಎಂದರು ಆ ಮಾತಾಡದ ಬೀಗಿತ್ತಿ, ಓಲೆಯ ತಿರುಪು ಬಿಚ್ಚುತ್ತ. "ಒಬ್ಬರೂ ಯಾರ ಮಾತೂ ಕೇಳಿದ್ದಿಲ್ಲ. ಕೇಳಿ ನಡೆಸೋಳು ಒಬ್ಬಳು ಸಿಕ್ಕಿದಾಳೆ. ಗುಡಾರ ಮುಟ್ಟೋದ್ರೊಳಗೆ ಇವಳ ಮನಸ್ಸು ಬದಲಾದ್ರೆ ನೀವು ಹುಡುಕಿ ಕೊಡ್ತೀರಾ?"

ಓಲೆ ಇಟ್ಟಾಯಿತು. ಜಿಬೆಕ್ ನಕ್ಕಳು, ಬೆರ್ಮೆತ್ ಅತ್ತಳು. ಅಷ್ಟು ಹೊತ್ತೂ ತಾವು, "ಚಾಲಕರ ಬಾಗಿಲು ತೆರೆದಿದೆ, ಚಾಲಕರ ಬಾಗಿಲು ತೆರೆದಿದೆ" ಎಂದು ಸೋಬಾನೆಯಂತೆ ಹೇಳುತ್ತಲೇ ಇದ್ದಿರಿ. ಯಾರೂ ತಮ್ಮನ್ನು ತಡೆಯಲಿಲ್ಲ.

ಮೇಲೆ ಗುಡಾರದಲ್ಲಿ ಅತ್ತೆಯವರು ಹುಳಿಯೇರಿದ ಕುದುರೆಹಾಲಿನ ಬಟ್ಟಲು ಹಿಡಿದು ಬೇಯ್ಶೆನ್ ತನಗೆ ಬೇಕಾದಂತೆ ಅಲಂಕರಿಸಿ ಹೇಳಿದ ಕಥೆಯನ್ನು ಪೂರ್ತಿ ಕೇಳಿ, ತುಟಿ ಒರೆಸಿಕೊಂಡು ತೀರ್ಪಿತ್ತರು: "ಆ ಗಾಡೀನ ಹುಡುಗಿಗೆ ಕೊಟ್ಬಿಡಪ್ಪ. ನಿನಗದು ದಕ್ಕಲ್ಲ." ಹಿರಿಯರ ಮಾತಿಗೆ ಮೇಲ್ಮನವಿ ಇಲ್ಲ. ಹೀಗಾಗಿ ತಾವು ಈಗ ರಾಜಧಾನಿಯ ನಿವಾಸಿಗಳು, ನನ್ನ ಮಗಳ ಬಳುವಳಿ. ಸಂದೂಕವನ್ನಾದರೂ ಮರಳಿ ಕೊಡೆಂದು ಬೇಯ್ಶೆನ್‌ನನ್ನು ಕೇಳಿದೆ. "ಕೊಟ್ಟ ಕುದುರೇನ ವಾಪಸ್ ಕೇಳೋದಾ ಭಾವ? ಜನ ಏನಂತಾರೆ?" ಎಂದ. ನಾನು ಚಿಕಿತ್ಸಾಲಯಕ್ಕೆ ನಡೆದುಕೊಂಡು ಹೋಗುತ್ತಿದ್ದೇನೆ. ಸೊಂಟದ ಪಟ್ಟಿ ಒಂದು ತೂತು ಒಳಗೆ ಬಂದಿದೆ, ಅದಕ್ಕೂ ತಮಗೇ ಕೃತಜ್ಞತೆಗಳು.

ಕೊನೆಯದಾಗಿ ಕೆಲವು ಸಣ್ಣ ಕೋರಿಕೆಗಳು. ಐವತ್ತು ದಾಟಿದ ಗಂಡಸರಿಗೆ ತಾವು ನೀಡುವ ಎಚ್ಚರಿಕೆಗಳನ್ನು, ಅವು ನಮಗೇ ಮೊದಲು ಹೊಳೆದವೆಂದು ಪಕ್ಕದವರು ನಂಬುವ ರೀತಿಯಲ್ಲಿ ಪಿಸುಗುಟ್ಟುವ ವ್ಯವಸ್ಥೆಯಾಗಲಿ. ಆ ಹೊಳೆಯ ಬಗ್ಗೆ ಯಾರಾದರೂ ವಿಚಾರಿಸಿದರೆ ಆಳವನ್ನು ಎರಡಾಳೆಂದು ಹೇಳುವ ಔದಾರ್ಯ ತೋರಿ. ತಮ್ಮನ್ನು ಕಟ್ಟಿದ ಕಂಪನಿಗೆ ಹೇಳಿ, ಒಳಗೆ ಏನನ್ನು ಬೇಕಾದರೂ ಬದಲಿಸಲಿ, ಸ್ವರ್ಗವನ್ನೇ ತುಂಬಲಿ, ಹೊರಗಿನ ಆ ಚೌಕ ಮುಖವನ್ನು ಮಾತ್ರ ಇನ್ನೊಂದು ನೂರು ವರ್ಷ ಮುಟ್ಟದಿರಲಿ. ಬೀದಿಯಲ್ಲಿ ಅಂಥದೊಂದು ಹಾದುಹೋದಾಗ, ಬಾಯಲ್ಲಿ ಹತ್ತಿ ಇಟ್ಟುಕೊಂಡು ಎದುರು ಮಾತಾಡಲಾರದ ರೋಗಿಗೆ, "ನೋಡಿ, ಅದು ನನ್ನದೇ" ಎಂದು ಹೇಳಿಕೊಳ್ಳುವ ಅವಕಾಶ ನನ್ನಂಥವರಿಗೆ ಉಳಿಯಲಿ.

ಇಂತು, ಕಣ್ಣು ಪೂರ್ತಿ ತೆರೆದೇ ಇರುವ
ತಮ್ಮ ವಿಶ್ವಾಸಿ,
ಎಸೆಂಕುಲ್, ದಂತವೈದ್ಯ, ನರಿನ್

ಮರೆತ ಮಾತು: ಅಂಚೆಗೆ ಹಾಕುವ ಮುನ್ನ ಈ ಪತ್ರವನ್ನು ಬೆರ್ಮೆತ್‌ಗೆ ಓದಿ ಹೇಳಿದೆ. ಅವಳು ಚಹಾ ಬಗ್ಗಿಸುತ್ತ, "ಮದುವೆ ಆದಾಗಿಂದ ನಾನೂ ದಾರಿ ಹೇಳ್ತಾನೇ ಇದೀನಿ. ಎಲ್ಲಿ ತಿರುಗ್ಬೇಕು, ಎಲ್ಲಿ ನಿಲ್ಬೇಕು, ಎಲ್ಲಿ ಬಾಯಿ ಮುಚ್ಕೋಬೇಕು. ನನಗೊಂದು ಸಾಲು ಬರೀಲಿಲ್ಲ, ಅವಳಿಗೆ ಇಷ್ಟುದ್ದ ಕಾಗದ" ಎಂದಳು. ಆದ್ದರಿಂದ ವಿನಂತಿ: ಮುಂದಿನ ಪತ್ರವನ್ನು ಯಾರಿಗೆ, ಹೇಗೆ ಆರಂಭಿಸಬೇಕೆಂಬುದಕ್ಕೆ ದಯವಿಟ್ಟು ದಾರಿ ತೋರಿಸಿ, ಈ ಸಲ ಮಧ್ಯೆ ಬಾಯಿ ಹಾಕುವುದಿಲ್ಲ.